ಹಳೆಯ ಲ್ಯಾಪ್‌ಟಾಪ್ ಹ್ಯಾಂಗ್ ಆಗುತ್ತಿದೆ, ಪರದೆಯಲ್ಲಿ ಬಣ್ಣದ ಚೌಕಗಳು ಮೂಡುತ್ತಿವೆ: ಗ್ರಾಫಿಕ್ಸ್ ಚಿಪ್ ಹೋಗಿದೆಯೇ?

ಪ್ರಶ್ನೆ (ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು):

ನಮಸ್ಕಾರ ಸರ್. 2015ರಲ್ಲಿ ಕೊಂಡ ಲ್ಯಾಪ್‌ಟಾಪೊಂದನ್ನು ಶಾಲೆಯ ಕೆಲಸಕ್ಕೆ ಇಂದಿಗೂ ಬಳಸುತ್ತಿದ್ದೇನೆ. ನಾಲ್ಕನೇ ತಲೆಮಾರಿನ ಕೋರ್ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್ ಇದೆ. ಇಂಟೆಲ್ ಗ್ರಾಫಿಕ್ಸ್ ಅಲ್ಲದೆ 2 ಜಿಬಿಯ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಕೂಡ ಇದೆ. ವಿಂಡೋಸ್ 10 ಹಾಕಿದೆ. ಇತ್ತೀಚೆಗೆ ನುಡಿ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ ಸಿದ್ಧಪಡಿಸುತ್ತಿರುವಾಗ ಇದ್ದಕ್ಕಿದ್ದಂತೆ ಎಲ್ಲವೂ ನಿಂತುಬಿಡುತ್ತದೆ. ಕೆಲವೊಮ್ಮೆ ತಾನಾಗಿಯೇ ಸರಿಹೋಗುತ್ತದೆ, ಕೆಲವೊಮ್ಮೆ ಪವರ್ ಬಟನ್ ಒತ್ತಿ ಹಿಡಿದು ಆರಿಸಬೇಕಾಗುತ್ತದೆ. ಶಾಲಾ ವಾರ್ಷಿಕೋತ್ಸವದ ವಿಡಿಯೊ ಎಡಿಟ್ ಮಾಡಲು ಕುಳಿತರೆ ಪರದೆಯ ಮೇಲೆ ಹಸಿರು, ನೇರಳೆ ಬಣ್ಣದ ಸಣ್ಣ ಚೌಕಗಳು ಮೂಡುತ್ತವೆ; ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬರುತ್ತದೆ. ಅಂಗಡಿಯವರು ನೋಡಿ, ಗ್ರಾಫಿಕ್ಸ್ ಚಿಪ್ ಹೋಗಿದೆ, ರೀಬಾಲಿಂಗ್ (ಚಿಪ್ಪನ್ನು ಕಿತ್ತು ಅಡಿಯ ಬೆಸುಗೆಯನ್ನು ಹೊಸದಾಗಿ ಹಾಕುವುದು) ಮಾಡಿಸಬೇಕು, ಇಲ್ಲವೇ ಮದರ್‌ಬೋರ್ಡನ್ನೇ ಬದಲಿಸಬೇಕು ಎಂದರು. ಇಷ್ಟು ಹಳೆಯ ಯಂತ್ರಕ್ಕೆ ಅಷ್ಟು ಹಣ ಹಾಕುವುದು ಸರಿಯೇ ಎಂಬುದು ನನ್ನ ಪ್ರಶ್ನೆ.

ಉತ್ತರ (ಲ್ಯಾಪ್‌ಟಾಪ್ ದುರಸ್ತಿ ತಂತ್ರಜ್ಞ, ಎಸ್.ಪಿ. ರಸ್ತೆ, ಬೆಂಗಳೂರು):

ನಮಸ್ಕಾರ ಮೇಡಂ. ನೀವು ಬರೆದಿರುವುದನ್ನು ನೋಡಿದರೆ ಇಲ್ಲಿ ಒಂದಲ್ಲ, ಎರಡು ಬೇರೆ ಬೇರೆ ದೋಷಗಳು ಇರಬಹುದೆಂದು ನನಗೆ ಅನಿಸುತ್ತಿದೆ. ನುಡಿಯಲ್ಲಿ ಟೈಪ್ ಮಾಡುವಾಗ ಗ್ರಾಫಿಕ್ಸ್ ಚಿಪ್‌ಗೆ ಹೇಳಿಕೊಳ್ಳುವಂತಹ ಕೆಲಸವೇ ಇರುವುದಿಲ್ಲ. ಆಗ ಯಂತ್ರ ನಿಂತರೆ ಆ ತಪ್ಪನ್ನು ನೇರವಾಗಿ ಚಿಪ್‌ನ ತಲೆಗೆ ಕಟ್ಟುವುದು ಅವಸರವಾಗುತ್ತದೆ. ಬಣ್ಣದ ಚೌಕಗಳ ವಿಷಯ ಬೇರೆ, ಅಲ್ಲಿ ಚಿಪ್‌ನ ಮೇಲೆ ಅನುಮಾನಪಡಲು ಕಾರಣವಿದೆ. ಹಣ ಖರ್ಚಾಗದ ಕೆಲವು ಪರೀಕ್ಷೆಗಳನ್ನು ನೀವೇ ಮನೆಯಲ್ಲಿ ಮಾಡಿ ತಿಳಿಸಿ. ಅದಕ್ಕೂ ಮೊದಲು ಮುಖ್ಯವಾದ ಕಡತಗಳನ್ನೆಲ್ಲ ಪೆನ್‌ಡ್ರೈವ್‌ಗೋ ಎಕ್ಸ್‌ಟರ್ನಲ್ ಡಿಸ್ಕ್‌ಗೋ ಕಾಪಿ ಮಾಡಿಟ್ಟುಕೊಳ್ಳಿ.

ಮುಂದಿನ ಸಲ ಯಂತ್ರ ನಿಂತಾಗ ತಕ್ಷಣ ಪವರ್ ಬಟನ್‌ಗೆ ಕೈ ಹಾಕದೆ, ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿ ಅದರ ದೀಪ ಹತ್ತಿ ಆರುತ್ತದೆಯೇ ಎಂದು ನೋಡಿ. ದೀಪ ಸ್ಪಂದಿಸಿದರೆ ವಿಂಡೋಸ್‌ನ ತಿರುಳು ಇನ್ನೂ ಜೀವಂತವಾಗಿದೆ, ಅದು ಯಾವುದಕ್ಕೋ ಕಾಯುತ್ತಿದೆ ಎಂದರ್ಥ. ಅದೇ ಹೊತ್ತಿನಲ್ಲಿ ಮೌಸ್‌ನ ಬಾಣ ಓಡಾಡುತ್ತಿದ್ದು, ಹಾರ್ಡ್ ಡಿಸ್ಕ್‌ನ ಪುಟ್ಟ ದೀಪ ಮಿನುಗದೆ ಒಂದೇ ಸಮನೆ ಉರಿಯುತ್ತಿದ್ದರೆ, ಯಂತ್ರ ಕಾಯುತ್ತಿರುವುದು ಡಿಸ್ಕ್‌ಗಾಗಿ. ಕ್ಯಾಪ್ಸ್ ಲಾಕ್ ದೀಪವೂ ಅಲುಗಾಡದೆ, ಬಾಣವೂ ನಿಂತು, ಕೇಳಿಬರುತ್ತಿದ್ದ ಹಾಡು ಒಂದೇ ಸ್ವರದಲ್ಲಿ ಗೊರಗುಟ್ಟತೊಡಗಿದರೆ ಆಗ ರ‍್ಯಾಮ್, ಅತಿಯಾದ ಬಿಸಿ, ಮದರ್‌ಬೋರ್ಡ್ ಅಥವಾ ಗ್ರಾಫಿಕ್ಸ್ ಕಡೆಗೆ ಗಮನ ಹರಿಸಬೇಕು. ಪರದೆ ಮಾತ್ರ ಕಪ್ಪಾಗಿದ್ದರೆ ವಿಂಡೋಸ್ ಕೀಲಿ, ಕಂಟ್ರೋಲ್, ಶಿಫ್ಟ್ ಮತ್ತು ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಅದು ಗ್ರಾಫಿಕ್ಸ್ ಡ್ರೈವರನ್ನು (ಚಿಪ್ಪನ್ನು ನಡೆಸುವ ತಂತ್ರಾಂಶವನ್ನು) ಹೊಸದಾಗಿ ಆರಂಭಿಸುವ ಆಜ್ಞೆ; ಒಂದು ಸಣ್ಣ ಬೀಪ್ ಸದ್ದಾಗಿ ಪರದೆ ಮರಳಿದರೆ ದೋಷ ಡ್ರೈವರ್ ಅಥವಾ ಚಿಪ್‌ಗೆ ಸಂಬಂಧಿಸಿದ್ದು.

ಚೌಕಗಳ ವಿಷಯಕ್ಕೆ ಬಂದರೆ, ಎಚ್‌ಡಿಎಂಐ ಕೇಬಲ್ ಮೂಲಕ ಲ್ಯಾಪ್‌ಟಾಪನ್ನು ಮನೆಯ ಟಿವಿಗೆ ಜೋಡಿಸಿ. ಚೌಕಗಳು ಲ್ಯಾಪ್‌ಟಾಪಿನ ಪರದೆಯಲ್ಲಿ ಮಾತ್ರ ಕಂಡು ಟಿವಿಯಲ್ಲಿ ಕಾಣದಿದ್ದರೆ, ತಪ್ಪು ಡಿಸ್‌ಪ್ಲೇ ಕೇಬಲ್ ಅಥವಾ ಪರದೆಯದು. ಮುಚ್ಚಳವನ್ನು ಹಿಂದೆ ಮುಂದೆ ವಾಲಿಸಿದಾಗ ಚಿತ್ರ ಬದಲಾಗುತ್ತಿದ್ದರೆ ಕೇಬಲ್ ಎಂದು ಬಹುಮಟ್ಟಿಗೆ ಖಚಿತ. ಎರಡರಲ್ಲೂ ಕಂಡರೆ ತೊಂದರೆ ಒಳಗಿದೆ. ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ, ಯಂತ್ರದ ಮೂಲ ಸೆಟ್ಟಿಂಗ್‌ಗಳ ಬಯೋಸ್ ಪರದೆಗೆ ಹೋಗಿ ಹತ್ತು ನಿಮಿಷ ಹಾಗೆಯೇ ಬಿಟ್ಟು ನೋಡಿ. ಅಲ್ಲಿ ವಿಂಡೋಸೂ ಇಲ್ಲ, ಡ್ರೈವರೂ ಇಲ್ಲವಾದ್ದರಿಂದ ಅಲ್ಲಿಯೂ ಚೌಕಗಳು ಕಂಡರೆ ತಂತ್ರಾಂಶದ ಮೇಲೆ ದೂರು ಹೇಳುವಂತಿಲ್ಲ.

ಕೊನೆಯದಾಗಿ, ಯಂತ್ರದಲ್ಲಾದ ದೋಷಗಳ ದಾಖಲೆ ತೋರಿಸುವ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಅಡಿಯಲ್ಲಿ ಸಿಸ್ಟಂ ವಿಭಾಗದಲ್ಲಿ, ತೊಂದರೆಯಾದ ಹೊತ್ತಿನ ದಾಖಲೆಗಳನ್ನು ನೋಡಿ. ಈವೆಂಟ್ ಐಡಿ ಅಂಕಣದಲ್ಲಿ 4101 ಎಂದಿದ್ದರೆ ಡಿಸ್‌ಪ್ಲೇ ಡ್ರೈವರ್ ಸ್ಪಂದಿಸದೆ ನಿಂತು ಚೇತರಿಸಿಕೊಂಡಿದೆ ಎಂದರ್ಥ. ಡಿಸ್ಕ್ ಎಂಬ ಮೂಲದಿಂದ 7 ಅಥವಾ 153 ಕಂಡರೆ ಹಾರ್ಡ್ ಡಿಸ್ಕ್ ಓದಲು ತಿಣುಕುತ್ತಿದೆ. ಕರ್ನೆಲ್ ಪವರ್ 41 ಕಂಡು ಗಾಬರಿಯಾಗಬೇಡಿ. ಯಂತ್ರ ಸರಿಯಾದ ಕ್ರಮದಲ್ಲಿ ಆರಲಿಲ್ಲ ಎಂದಷ್ಟೇ ಅದು ಹೇಳುತ್ತದೆ, ನೀವು ಪವರ್ ಬಟನ್ ಒತ್ತಿ ಹಿಡಿದಾಗಲೂ ಅದು ಬರುತ್ತದೆ. ಇದನ್ನೇ ತೋರಿಸಿ ಪವರ್ ಸಪ್ಲೈ ಕೆಟ್ಟಿದೆ ಎಂದು ಬಿಲ್ ಮಾಡಿದ್ದನ್ನೂ ನಾನು ಕಂಡಿದ್ದೇನೆ.

ಪ್ರಶ್ನೆ ಕೇಳಿದವರು:

ಸರ್, ನೀವು ಹೇಳಿದಂತೆ ಎಲ್ಲವನ್ನೂ ನೋಡಿದೆ. ಯಂತ್ರ ನಿಂತಾಗ ಕ್ಯಾಪ್ಸ್ ಲಾಕ್ ದೀಪ ಹತ್ತುತ್ತದೆ, ಬಾಣವೂ ಓಡಾಡುತ್ತದೆ, ಡಿಸ್ಕ್‌ನ ದೀಪ ಬಿಡದೆ ಉರಿಯುತ್ತಿರುತ್ತದೆ. ಚೌಕಗಳು ಟಿವಿಯಲ್ಲೂ ಕಂಡವು, ಆದರೆ ವಿಡಿಯೊ ಎಡಿಟ್ ಮಾಡುವ ತಂತ್ರಾಂಶ ತೆರೆದಾಗ ಮಾತ್ರ. ಬಯೋಸ್‌ನಲ್ಲಿ ಏನೂ ಕಾಣಲಿಲ್ಲ. ಈವೆಂಟ್ ವ್ಯೂವರ್‌ನಲ್ಲಿ 153 ಮತ್ತು 7 ಸಾಲುಸಾಲಾಗಿವೆ, ನಡುನಡುವೆ 4101 ಕೂಡ ಇದೆ.

ಉತ್ತರ:

ಮೇಡಂ, ಚಿತ್ರ ಈಗ ಬಹಳ ಸ್ಪಷ್ಟವಾಯಿತು. ಮೊದಲು ಡಿಸ್ಕ್ ವಿಚಾರ, ಏಕೆಂದರೆ ನಿಮ್ಮ ಕಡತಗಳಿರುವುದು ಅದರಲ್ಲಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿ. ಅದರಲ್ಲಿ 05 ಮತ್ತು ಸಿ5 ಎಂಬ ಸಾಲುಗಳಿರುತ್ತವೆ. ಮೊದಲನೆಯದು ಕೆಟ್ಟುಹೋಗಿ ಬದಲಿ ಜಾಗಕ್ಕೆ ಕಳುಹಿಸಲಾದ ಸೆಕ್ಟರ್‌ಗಳ (ಡಿಸ್ಕ್‌ನ ಪುಟ್ಟ ತುಣುಕುಗಳ) ಲೆಕ್ಕ, ಎರಡನೆಯದು ಓದಲಾಗದೆ ತೀರ್ಪಿಗೆ ಕಾದಿರುವವುಗಳ ಲೆಕ್ಕ. ಇವುಗಳ ಕೊನೆಯ ಅಂಕಣದಲ್ಲಿ ಸೊನ್ನೆ ಬಿಟ್ಟು ಬೇರೇನಾದರೂ ಇದ್ದು, ಮೇಲ್ಗಡೆ ಹಳದಿ ಬಣ್ಣದ ಎಚ್ಚರಿಕೆ ಬಂದಿದ್ದರೆ ಡಿಸ್ಕ್ ಸಾಯುವ ಹಾದಿಯಲ್ಲಿದೆ. ಇಂತಹ ಸೆಕ್ಟರ್ ಎದುರಾದಾಗ ಡಿಸ್ಕ್ ಅದನ್ನೇ ಮತ್ತೆ ಮತ್ತೆ ಓದಲು ಯತ್ನಿಸುತ್ತದೆ, ಅಷ್ಟು ಹೊತ್ತು ವಿಂಡೋಸ್ ಬಾಯಿ ಮುಚ್ಚಿಕೊಂಡು ಕಾಯುತ್ತದೆ, ನೀವು ಅದನ್ನು ಹ್ಯಾಂಗ್ ಎನ್ನುತ್ತೀರಿ. ಡಿಸ್ಕ್ ಪರೀಕ್ಷಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಿ ಎಂದು ಯಾರಾದರೂ ಹೇಳಿದರೆ ಬ್ಯಾಕಪ್ ಆಗುವವರೆಗೆ ಖಂಡಿತ ಓಡಿಸಬೇಡಿ. ಸೋತ ಡಿಸ್ಕ್‌ನ ಮೂಲೆ ಮೂಲೆಯನ್ನೂ ಅದರ ಪೂರ್ಣ ಪರೀಕ್ಷೆ ಓದಿಸುವುದರಿಂದ ಉಳಿದ ಅಲ್ಪಸ್ವಲ್ಪ ಶಕ್ತಿಯೂ ಅದರಲ್ಲೇ ಹೋಗಬಹುದು. ಹಾರ್ಡ್ ಡಿಸ್ಕ್ ಬದಲು, ಒಳಗೆ ತಿರುಗುವ ಭಾಗಗಳಿಲ್ಲದ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿದರೆ ಯಂತ್ರ ನಿಲ್ಲುವುದು ತಪ್ಪುವುದಲ್ಲದೆ, ಹೊಸ ಲ್ಯಾಪ್‌ಟಾಪ್ ಕೊಂಡಷ್ಟೇ ಚುರುಕು ಅನುಭವಕ್ಕೆ ಬರುತ್ತದೆ. ಈ ವಯಸ್ಸಿನ ಯಂತ್ರಕ್ಕೆ ನಾನು ಧೈರ್ಯವಾಗಿ ಮಾಡಿಸಿ ಎನ್ನುವ ಖರ್ಚು ಇದೊಂದೇ.

ಚೌಕಗಳಿಗೆ ಕಾರಣ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಎಂದು ನನ್ನ ಅಂದಾಜು. ನಿಮ್ಮಂತಹ ಲ್ಯಾಪ್‌ಟಾಪ್‌ಗಳಲ್ಲಿ ದಿನನಿತ್ಯದ ಪರದೆಯನ್ನು ನಡೆಸುವುದು ಇಂಟೆಲ್ ಗ್ರಾಫಿಕ್ಸ್; ವಿಡಿಯೊ, ಆಟಗಳಂತಹ ಭಾರದ ಕೆಲಸ ಬಂದಾಗ ಮಾತ್ರ ಇನ್ನೊಂದು ಚಿಪ್ ಎಚ್ಚರಗೊಳ್ಳುತ್ತದೆ. ಬಯೋಸ್‌ನಲ್ಲಿ ಚೌಕಗಳು ಕಾಣದಿರುವುದೂ, ಎಡಿಟಿಂಗ್ ತಂತ್ರಾಂಶದಲ್ಲಿ ಮಾತ್ರ ಕಾಣುವುದೂ ಇದಕ್ಕೆ ಸರಿಹೊಂದುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ಅಡಿಯಲ್ಲಿ ಎರಡು ಹೆಸರುಗಳಿರುತ್ತವೆ. ಇಂಟೆಲ್ ಅಲ್ಲದ್ದನ್ನು ಡಿಸೇಬಲ್ ಮಾಡಿ ಅದೇ ವಿಡಿಯೊವನ್ನು ತೆರೆಯಿರಿ. ಚೌಕಗಳು ಹೋದರೆ ಕಳ್ಳ ಸಿಕ್ಕಂತೆ. ಹೋಗದಿದ್ದರೆ ರ‍್ಯಾಮ್ ಪರೀಕ್ಷಿಸಬೇಕು, ಏಕೆಂದರೆ ಇಂಟೆಲ್ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ಅದು ಯಂತ್ರದ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ರ‍್ಯಾಮ್ ಕೆಟ್ಟರೂ ಪರದೆಯಲ್ಲಿ ಇಂತಹದೇ ಚಿತ್ತಾರ ಮೂಡುತ್ತದೆ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ ಒಂದು ರಾತ್ರಿ ಓಡಿಸಿದರೆ ಗೊತ್ತಾಗುತ್ತದೆ.

ಗುಂಪಿನ ಇನ್ನೊಬ್ಬ ಸದಸ್ಯರು:

ಸರ್, ರೀಬಾಲಿಂಗ್ ಬೇಡವೆಂದು ನೀವು ಸೂಚಿಸುತ್ತಿರುವಂತಿದೆ. ನನ್ನ ಲ್ಯಾಪ್‌ಟಾಪಿಗೆ ಮಾಡಿಸಿದಾಗ ಎರಡು ತಿಂಗಳು ಚೆನ್ನಾಗಿ ನಡೆದು ಮತ್ತೆ ಕೆಟ್ಟಿತು. ಹೀಗೇಕಾಗುತ್ತದೆ?

ಉತ್ತರ:

ಸರ್, ಚಿಪ್ ಮತ್ತು ಮದರ್‌ಬೋರ್ಡ್ ನಡುವೆ ನೂರಾರು ಸಣ್ಣ ಬೆಸುಗೆಯ ಗುಂಡುಗಳಿರುತ್ತವೆ. ರೀಬಾಲಿಂಗ್ ಎಂದರೆ ಚಿಪ್ಪನ್ನು ಕಿತ್ತು ಆ ಗುಂಡುಗಳನ್ನು ಹೊಸದಾಗಿ ಕೂರಿಸುವುದು. ವಿದ್ಯುನ್ಮಾನ ಸಾಧನಗಳಲ್ಲಿ ಸೀಸದ ಬಳಕೆಯನ್ನು ನಿರ್ಬಂಧಿಸುವ ಯೂರೋಪ್ ಒಕ್ಕೂಟದ ನಿಯಮ 2006ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ಸೀಸವಿಲ್ಲದ ಬೆಸುಗೆ ಎಲ್ಲೆಡೆ ಬಂತು; ಹಳೆಯ ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಇದು ಸುಮಾರು 217ಕ್ಕೆ ಕರಗುತ್ತದೆ, ಸ್ವಲ್ಪ ಪೆಡಸು ಕೂಡ. ಯಂತ್ರ ಬಿಸಿಯಾಗಿ ತಣ್ಣಗಾಗುವ ಪ್ರತಿ ಸಲವೂ ಸಿಲಿಕಾನ್ ಒಂದಳತೆಯಲ್ಲಿ, ಕೆಳಗಿನ ಬೋರ್ಡ್ ಇನ್ನೊಂದಳತೆಯಲ್ಲಿ ಹಿಗ್ಗಿ ಕುಗ್ಗುವುದರಿಂದ ನಡುವಿನ ಬೆಸುಗೆ ವರ್ಷಗಳ ಕಾಲ ಎಳೆದಾಡಲ್ಪಟ್ಟು ಬಿರುಕು ಬಿಡುತ್ತದೆ.

ಆದರೆ ಬಹಳಷ್ಟು ಸಂದರ್ಭಗಳಲ್ಲಿ ಬಿರುಕು ಬಿಡುವುದು ಈ ಕೆಳಗಿನ ಗುಂಡುಗಳಲ್ಲಿ ಅಲ್ಲ. ಚಿಪ್‌ನ ಪ್ಯಾಕೇಜಿನೊಳಗೇ (ಸಿಲಿಕಾನನ್ನು ಹೊತ್ತಿರುವ ಕವಚದೊಳಗೇ), ಸಿಲಿಕಾನ್ ಬಿಲ್ಲೆಯ ಅಡಿಯಲ್ಲಿ, ಇನ್ನೂ ಸಣ್ಣ ಬೆಸುಗೆಗಳ ಮತ್ತೊಂದು ಸಾಲಿದೆ, ಅಲ್ಲಿಗೆ ಯಾವ ಅಂಗಡಿಯ ಯಂತ್ರವೂ ತಲುಪುವುದಿಲ್ಲ. ರೀಬಾಲಿಂಗ್‌ಗಾಗಿ ಕೊಟ್ಟ ಬಿಸಿಗೆ ಒಳಗಿನ ಬಿರುಕು ತಾತ್ಕಾಲಿಕವಾಗಿ ಕೂಡಿಕೊಳ್ಳುತ್ತದೆ, ಚಿಪ್ ಎದ್ದು ಕೂರುತ್ತದೆ, ಕೆಲವು ವಾರಗಳ ಬಳಕೆಯ ನಂತರ ಮತ್ತೆ ಬಿಟ್ಟುಕೊಳ್ಳುತ್ತದೆ. ನಿಮಗೆ ಸಿಕ್ಕ ಎರಡು ತಿಂಗಳ ಗುಟ್ಟು ಇದು. 2008ರ ಜುಲೈನಲ್ಲಿ ಎನ್‌ವಿಡಿಯಾ ಸಂಸ್ಥೆಯೇ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳ ಬಿಲ್ಲೆ ಮತ್ತು ಪ್ಯಾಕೇಜಿನ ವಸ್ತು ದುರ್ಬಲವಾಗಿದೆಯೆಂದು ಒಪ್ಪಿಕೊಂಡು, ದುರಸ್ತಿ ವೆಚ್ಚಕ್ಕೆಂದು 15ರಿಂದ 20 ಕೋಟಿ ಡಾಲರ್ ತೆಗೆದಿರಿಸಿತು. 2011ರ ಮ್ಯಾಕ್‌ಬುಕ್ ಪ್ರೊಗಳ ಗ್ರಾಫಿಕ್ಸ್ ದೋಷಕ್ಕಾಗಿ ಆಪಲ್ 2015ರ ಫೆಬ್ರುವರಿಯಲ್ಲಿ ಉಚಿತ ದುರಸ್ತಿ ಯೋಜನೆಯನ್ನು ಆರಂಭಿಸಿತು. ಅಷ್ಟು ದೊಡ್ಡ ಕಂಪನಿಗಳೇ ಹೆಣಗಿದ ದೋಷವನ್ನು ಹಾಟ್ ಏರ್ ಗನ್ ಹಿಡಿದು ಶಾಶ್ವತವಾಗಿ ಸರಿಪಡಿಸುತ್ತೇವೆ ಎನ್ನುವವರನ್ನು, ಆರು ತಿಂಗಳ ಗ್ಯಾರಂಟಿಯನ್ನು ಬಿಲ್ ಮೇಲೆ ಬರೆದು ಕೊಡುತ್ತೀರಾ ಎಂದು ಕೇಳಿ ನೋಡಿ.

ಪ್ರಶ್ನೆ ಕೇಳಿದವರು:

ಇಂಟೆಲ್ ಅಲ್ಲದ್ದನ್ನು ಡಿಸೇಬಲ್ ಮಾಡಿದೆ ಸರ್, ಚೌಕಗಳು ಸಂಪೂರ್ಣವಾಗಿ ನಿಂತವು. ಎಡಿಟಿಂಗ್ ಸ್ವಲ್ಪ ನಿಧಾನವಾಗಿದೆ. ಸಿ5 ಸಾಲಿನಲ್ಲಿ ಸೊನ್ನೆಯಲ್ಲದ ಸಂಖ್ಯೆ ಇದೆ, ಹಳದಿ ಎಚ್ಚರಿಕೆಯೂ ಬಂದಿದೆ. ಕಡತಗಳನ್ನೆಲ್ಲ ತೆಗೆದಿರಿಸಿದ್ದೇನೆ. ಎಸ್‌ಎಸ್‌ಡಿ ಹಾಕಿಸುವಾಗ ಇನ್ನೇನು ಮಾಡಿಸಬೇಕು? ವಿಂಡೋಸ್ ಯಾವುದು ಹಾಕಿಸಲಿ?

ಉತ್ತರ:

ಹಿಂಬದಿ ತೆಗೆದಾಗ ಫ್ಯಾನ್ ಶುಚಿ ಮಾಡಿಸಿ, ಚಿಪ್‌ನ ಬಿಸಿಯನ್ನು ಹೊರಸಾಗಿಸಲು ಹಚ್ಚುವ ಥರ್ಮಲ್ ಪೇಸ್ಟನ್ನು ಹೊಸದಾಗಿ ಹಾಕಿಸಿ. ಬ್ರಷ್‌ನಿಂದ ಫ್ಯಾನ್‌ನ ಎಲೆಗಳನ್ನು ಒರೆಸಿದರೆ ಸಾಲದು. ಫ್ಯಾನನ್ನು ಬಿಚ್ಚಿ, ಅದಕ್ಕೂ ತಾಮ್ರದ ಜಾಲರಿಗೂ ನಡುವೆ ಕಂಬಳಿಯಂತೆ ಕೂತಿರುವ ಧೂಳಿನ ಪದರವನ್ನು ತೆಗೆಯಬೇಕು. ಆ ಕೆಲಸವನ್ನು ನಿಮ್ಮೆದುರೇ ಮಾಡಲು ಹೇಳಿ. ಬ್ಯಾಟರಿ ಉಬ್ಬಿದೆಯೇ ಎಂದೂ ನೋಡಿಸಿ, ಟಚ್‌ಪ್ಯಾಡ್ ಮೇಲೆದ್ದಂತೆ ಇದ್ದರೆ ಅದೇ ಗುರುತು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಬೇಡುವುದು ಎಂಟನೇ ತಲೆಮಾರು ಮತ್ತು ಅದರ ನಂತರದ ಇಂಟೆಲ್ ಪ್ರೊಸೆಸರನ್ನು, ಹಾಗಾಗಿ ಅದು ನಿಮ್ಮ ಯಂತ್ರಕ್ಕಲ್ಲ. ಅಡ್ಡದಾರಿಯಲ್ಲಿ ಹಾಕಿಕೊಡುತ್ತೇವೆ ಎಂದರೂ ಶಾಲೆಯ ಅಂಕಗಳನ್ನು ತುಂಬುವ ಯಂತ್ರಕ್ಕೆ ಅದು ಬೇಡ. ವಿಂಡೋಸ್ ಬದಲು ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್ ಮಿಂಟ್ ಈ ಯಂತ್ರದಲ್ಲಿ ಹಗುರವಾಗಿ ಓಡುತ್ತದೆ, ಕ.ಗ.ಪ. ಕೀಲಿಮಣೆ ವಿನ್ಯಾಸದಲ್ಲಿ ಯೂನಿಕೋಡ್ ಕನ್ನಡ ಟೈಪಿಂಗ್ ಕೂಡ ಸಿಗುತ್ತದೆ. ಆದರೆ ನುಡಿಯ ಹಳೆಯ ಫಾಂಟ್‌ನಲ್ಲಿರುವ ಪ್ರಶ್ನೆಪತ್ರಿಕೆಗಳನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕಾಗುತ್ತದೆ, ಆ ಕೆಲಸವನ್ನು ವಿಂಡೋಸ್ ಇರುವಾಗಲೇ ಮುಗಿಸಿ. ಮಿಂಟ್ ಅನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಡಿಸ್ಕ್‌ಗೆ ಏನನ್ನೂ ಹಾಕಬೇಕಿಲ್ಲ. ವೈಫೈ, ಪ್ರಿಂಟರ್ ಸರಿಯಾಗಿ ನಡೆಯುತ್ತವೆಯೇ ಎಂದು ಪರೀಕ್ಷಿಸಿಯೇ ನಿರ್ಧರಿಸಿ. ಯಾವುದನ್ನು ಹಾಕಿಸಿದರೂ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪನ್ನು ಮತ್ತೊಮ್ಮೆ ಡಿಸೇಬಲ್ ಮಾಡಬೇಕು, ಏಕೆಂದರೆ ಹೊಸ ಇನ್‌ಸ್ಟಾಲ್ ಆದಾಗ ಅದು ತಾನಾಗಿ ಚಾಲೂ ಆಗುತ್ತದೆ. ಕೆಲವು ಮಾದರಿಗಳಲ್ಲಿ ಬಯೋಸ್‌ನಲ್ಲೇ ಅದನ್ನು ಆಫ್ ಮಾಡುವ ಆಯ್ಕೆ ಇರುತ್ತದೆ, ಇದ್ದರೆ ಅಲ್ಲಿಯೇ ಆಫ್ ಮಾಡಿ.