ಸಹಾಯ ಬೇಕು: ಎಬೆರ್ತೊ ಪಾದಿಯಾ ಪುಸ್ತಕ ಯಾರ ಹತ್ತಿರವಾದರೂ ಇದೆಯಾ?

ಎಲ್ಲರಿಗೂ ನಮಸ್ಕಾರ. ಕ್ಯೂಬಾದ ಕವಿ ಎಬೆರ್ತೊ ಪಾದಿಯಾ ಅವರನ್ನು ಯಾರಾದರೂ ಓದಿದ್ದೀರಾ? 1968ರಲ್ಲಿ ಅಲ್ಲಿನ ಲೇಖಕರ ಸಂಘ ಇವರ ‘ಫುಏರಾ ದೆಲ್ ಹುಏಗೊ’ ಸಂಕಲನಕ್ಕೆ ಬಹುಮಾನ ಕೊಟ್ಟು, ಇದು ಫಿಡೆಲ್ ಕ್ಯಾಸ್ಟ್ರೊ ನಾಯಕತ್ವದ ಕ್ಯೂಬಾ ಕ್ರಾಂತಿಗೆ ವಿರುದ್ಧ ಅನ್ನುವ ತನ್ನ ತಕರಾರನ್ನೂ ಅದೇ ಪುಸ್ತಕದಲ್ಲಿ ಅಚ್ಚು ಹಾಕಿಸಿತು. ಎಂಥಾ ಬಹುಮಾನ ನೋಡಿ! 1971ರಲ್ಲಿ ಬಂಧನ, ಆಮೇಲೆ ಬೇರೆ ಲೇಖಕರ ಮುಂದೆ ಕೂತು ತಪ್ಪೊಪ್ಪಿಗೆ. ಫ್ರಾನ್ಸಿನ ಲೇಖಕ ಸಾರ್ತ್ರ್ ಥರದವರೂ ಇದನ್ನು ವಿರೋಧಿಸಿ ಕ್ಯಾಸ್ಟ್ರೊಗೆ ಪತ್ರ ಬರೆದರು.

ಆ ಗಲಾಟೆಯ ಬಗ್ಗೆ ಬೇಕಾದಷ್ಟು ಸಿಗುತ್ತದೆ, ಕವಿತೆಗಳೇ ಸಿಗುವುದಿಲ್ಲ. ನನಗೆ ಬೇಕಿರುವುದು 1980ರಲ್ಲಿ ಅಮೆರಿಕಕ್ಕೆ ಹೋದ ಮೇಲಿನ ಪಾದಿಯಾ. ಹೆಂಡತಿ ಬೆಲ್ಕಿಸ್ ಕುಸಾ ಮಾಲೆ (ಅವರೂ ಕವಿ) ಜೊತೆ 1982ರಲ್ಲಿ ಶುರು ಮಾಡಿದ ‘ಲಿಂಡನ್ ಲೇನ್’ ಪತ್ರಿಕೆಯ ಹಳೇ ಸಂಚಿಕೆ, ಸ್ಪ್ಯಾನಿಷ್-ಇಂಗ್ಲಿಷ್ ಎರಡೂ ಇರುವ ‘ಲೆಗಸೀಸ್’ ಕವನ ಸಂಕಲನ, ಯಾವುದಾದರೂ ಸರಿ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಸ್ಪ್ಯಾನಿಷ್ ಬಲ್ಲವರು ಇದ್ದರೆ ದಯವಿಟ್ಟು ಮೆಸೇಜ್ ಮಾಡಿ, ಒಂದೆರಡು ಕವಿತೆ ಒಟ್ಟಿಗೆ ಓದೋಣ.