ಟ್ಯಾಂಕಿನಲ್ಲಿ ಮೂರು ಥರದ 'ಶಾರ್ಕ್', ಇವು ನಿಜವಾಗ್ಲೂ ಸಂಬಂಧಿಕರಾ?

ನೀರ್ಗುಳ್ಳೆ:
ನಮಸ್ಕಾರ. ನನ್ನ ನಾಲ್ಕಡಿ ಟ್ಯಾಂಕಿನಲ್ಲಿ ರೆಡ್ ಟೇಲ್ ಶಾರ್ಕ್, ಬಾಲಾ ಶಾರ್ಕ್, ಇರಿಡಿಸೆಂಟ್ ಶಾರ್ಕ್ ಒಂದೊಂದು ಇವೆ. ಎಲ್ಲಾ ಶಾರ್ಕೇ ತಾನೆ, ಹೊಂದಿಕೊಂಡು ಹೋಗುತ್ತವೆ ಅಂದುಕೊಂಡು ತಂದೆ. ಆದರೆ ರೆಡ್ ಟೇಲ್ ಕಲ್ಲಿನ ಹಿಂದೆ ಠಿಕಾಣಿ ಹೂಡಿದೆ, ಯಾರು ಹತ್ತಿರ ಬಂದರೂ ಅಟ್ಟಿಸಿಕೊಂಡು ಹೋಗುತ್ತದೆ. ಬಾಲಾ ಮೂಲೆ ಬಿಟ್ಟು ಬರುವುದಿಲ್ಲ. ಇರಿಡಿಸೆಂಟ್ ಗಾಬರಿಯಾದರೆ ಗಾಜಿಗೆ ಗುದ್ದಿಕೊಳ್ಳುತ್ತದೆ, ನಿನ್ನೆ ಮೂತಿ ಸುಲಿದು ಬೆಳ್ಳಗಾಗಿತ್ತು, ನೋಡಿ ತುಂಬಾ ಬೇಜಾರಾಯಿತು. ಒಂದೇ ಕುಟುಂಬದವು ಹೀಗಾಡುತ್ತವಾ?

ಕಿವಿರು:
ಮೂರರಲ್ಲಿ ಒಂದೂ ಶಾರ್ಕ್ ಅಲ್ಲ. ಗಾಜಿನ ಹತ್ತಿರ ಹೋಗಿ ಕೆನ್ನೆ ನೋಡಿ. ಉಸಿರಾಡುವಾಗ ಒಂದು ಮುಚ್ಚಳ ತೆರೆದು ಮುಚ್ಚುತ್ತದೆ ಅಲ್ವಾ? ನಿಜವಾದ ಶಾರ್ಕಿಗೆ ಆ ಮುಚ್ಚಳವೇ ಇಲ್ಲ, ಅಲ್ಲಿ 5ರಿಂದ 7 ಸೀಳುಗಳು ಬರಿಗಣ್ಣಿಗೇ ಕಾಣುತ್ತವೆ. ಅದರ ಒಳಗಿರುವುದು ಗಟ್ಟಿ ಮೂಳೆಯೂ ಅಲ್ಲ, ನಮ್ಮ ಕಿವಿಯಲ್ಲಿ ಬಗ್ಗುತ್ತದಲ್ಲ, ಅಂಥ ಮೆದು ಮೂಳೆ. ನಿಮ್ಮ ಮೀನುಗಳಿಗೆ ಆ ಹೆಸರು ಬಂದಿದ್ದು ಬೆನ್ನ ಮೇಲೆ ತ್ರಿಕೋನದ ಹಾಗೆ ನೆಟ್ಟಗೆ ನಿಂತ ರೆಕ್ಕೆಯಿಂದ.

ರೆಡ್ ಟೇಲ್, ಬಾಲಾ ಎರಡೂ ಕಾರ್ಪ್ ಬಳಗ, ಗೋಲ್ಡ್ ಫಿಶ್ ಕಡೆಯವು. ಆದರೂ ಸ್ವಭಾವ ಬೇರೆ. ರೆಡ್ ಟೇಲ್ ತನ್ನ ಜಾಗ ಯಾರಿಗೂ ಬಿಡುವುದಿಲ್ಲ. ಬಾಲಾ ಗುಂಪಿನಲ್ಲಿ ಬದುಕುವ ಮೀನು, ಒಂಟಿಯಾದರೆ ಹೆದರುತ್ತದೆ, ಬೆಳೆದರೆ ಒಂದಡಿ ಆಗುತ್ತದೆ. ಇರಿಡಿಸೆಂಟ್ ಮಾತ್ರ ಕ್ಯಾಟ್ ಫಿಶ್. ಮೈಮೇಲೆ ಹುರುಪೆ ಇಲ್ಲ, ಬಾಯಿ ಪಕ್ಕ ಎರಡು ಜೊತೆ ಮೀಸೆ. ಮೆಕಾಂಗ್‌ನಂಥ ದೊಡ್ಡ ನದಿಯದು, ಒಂದು ಮೀಟರ್ ದಾಟಿ ಬೆಳೆಯುತ್ತದೆ. ಅದಕ್ಕೆ ದಯವಿಟ್ಟು ಬೇರೆ ಜಾಗ ಹುಡುಕಿ, ಮೂತಿ ಸುಲಿಯುವುದು ಜಾಗ ಸಾಲದೆ.

ಎರಡನೇಹೆಸರು:
ಮೀನು ತರುವ ಮುಂಚೆ ವೈಜ್ಞಾನಿಕ ಹೆಸರು ಕೇಳಿ. ಅದರಲ್ಲೂ ಮೊದಲ ಪದ ನೋಡಿ, ಸಂಬಂಧ ಹೇಳುವುದು ಅದೇ. ಎರಡನೆಯದನ್ನು ನಂಬಿದರೆ ಮತ್ತೆ ಮೋಸ. ಬಾಲಾ ಹೆಸರು ಬಲಾಂಟಿಯೋಕೈಲೋಸ್ ಮೆಲನಾಪ್ಟೆರಸ್. ಹವಳದ ದಿಬ್ಬಗಳ ಹತ್ತಿರ ತಿರುಗುವ ನಿಜವಾದ ಶಾರ್ಕ್ ಒಂದಿದೆ, ಬ್ಲ್ಯಾಕ್ ಟಿಪ್ ರೀಫ್ ಶಾರ್ಕ್. ಅದರ ಹೆಸರು ಕಾರ್ಕರೈನಸ್ ಮೆಲನಾಪ್ಟೆರಸ್! ಮೆಲನಾಪ್ಟೆರಸ್ ಅಂದರೆ ಗ್ರೀಕಿನಲ್ಲಿ ಕಪ್ಪು ರೆಕ್ಕೆಯದು ಅಂತ ಅಷ್ಟೇ. ಎರಡಕ್ಕೂ ರೆಕ್ಕೆಯ ಅಂಚು ಕಪ್ಪು, ಅದು ಬಿಟ್ಟರೆ ನಂಟೇ ಇಲ್ಲ. ನನಗೆ ಇದು ಮೊದಲ ಸಲ ಗೊತ್ತಾದ ದಿನ ಪೂರ್ತಿ ಇದನ್ನೇ ಯೋಚಿಸುತ್ತಿದ್ದೆ.

ತೊರೆಬದಿ:
ಮೊದಲ ಪದವೂ ಬದಲಾಗುತ್ತದೆ, ನೆನಪಿರಲಿ. ರೇನ್‌ಬೋ ಟ್ರೌಟ್ ಅನ್ನುವ ಮೀನು ಮುಂಚೆ ಸಾಲ್ಮೋ ಗುಂಪಿನಲ್ಲಿತ್ತು, ಅದರ ಹೆಸರಿನ ಮೊದಲ ಪದವೂ ಅದೇ. ಅದು ಪೆಸಿಫಿಕ್ ಸಾಲ್ಮನ್‌ಗಳಿಗೇ ಜಾಸ್ತಿ ಹತ್ತಿರ ಅಂತ ಗೊತ್ತಾಗಿ 1989ರಲ್ಲಿ ಆಂಕೊರಿಂಕಸ್‌ಗೆ ಸೇರಿಸಿದರು. ಅಟ್ಲಾಂಟಿಕ್ ಸಾಲ್ಮನ್ ಮತ್ತು ಬ್ರೌನ್ ಟ್ರೌಟ್ ಸಾಲ್ಮೋದಲ್ಲೇ ಉಳಿದವು. ಅಂದರೆ ಒಂದು ಟ್ರೌಟ್ ಹೋಗಿ ಸಾಲ್ಮನ್‌ಗಳ ಜೊತೆ, ಒಂದು ಸಾಲ್ಮನ್ ಟ್ರೌಟ್ ಜೊತೆ. ಎಲೆಕ್ಟ್ರಿಕ್ ಈಲ್ ಕೂಡ ನಿಜವಾದ ಈಲ್ (ಹಾವಿನಂತಿರುವ ಮೀನು) ಅಲ್ಲ, ಕ್ಯಾಟ್ ಫಿಶ್‌ಗೆ ಹತ್ತಿರದ್ದು.

ನೀರ್ಗುಳ್ಳೆ:
ಈಗಷ್ಟೇ ಟಾರ್ಚ್ ಹಿಡಿದು ನೋಡಿ ಬಂದೆ. ಮೂರಕ್ಕೂ ಕೆನ್ನೆಯ ಮುಚ್ಚಳ ಇದೆ, ಇರಿಡಿಸೆಂಟಿನ ಮೀಸೆ ನಾಲ್ಕೂ ಸಿಕ್ಕವು. ಇಷ್ಟು ದಿನ ದಿನಾ ನೋಡುತ್ತಿದ್ದರೂ ಗಮನಿಸಿರಲಿಲ್ಲ. ಅದಕ್ಕೆ ದೊಡ್ಡ ಕೊಳ ಇರುವವರನ್ನು ವಿಚಾರಿಸುತ್ತಿದ್ದೇನೆ. ಬಾಲಾಗೆ ಜೊತೆ ತರಬೇಕು ಅಂದರೆ ಎಷ್ಟಡಿ ಟ್ಯಾಂಕ್ ಬೇಕಾದೀತು, ಸಾಕಿದವರು ಹೇಳಿ.