ಹಳೇ ಐಮ್ಯಾಕ್ ತಗೋಬೋದಾ? ಮೊದಲು ಅದರ ಪಾದ ನೋಡಿ

ಪ್ರಶ್ನೆ – ಶಿಡ್ಲಘಟ್ಟದ ಸ್ಟುಡಿಯೊದವರು

ನಮಸ್ಕಾರ ಅಣ್ಣ. ಶಿಡ್ಲಘಟ್ಟದಲ್ಲಿ ನಮ್ದೊಂದು ಸಣ್ಣ ಫೋಟೊ ಸ್ಟುಡಿಯೊ, ಪಕ್ಕದಲ್ಲೇ ಡಿಟಿಪಿ. ಬೆಂಗಳೂರಲ್ಲಿ ಆಫೀಸು ಖಾಲಿ ಮಾಡ್ತಿರೋ ಪರಿಚಯದವರೊಬ್ರು ಆಪಲ್ ಕಂಪನಿಯ ಹಳೇ ಐಮ್ಯಾಕ್ ಕಂಪ್ಯೂಟರ್ ಇದೆ, ಹದಿನಾಲ್ಕು ಸಾವಿರ ಕೊಟ್ಟು ಎತ್ಕೊಂಡು ಹೋಗು ಅಂತಿದಾರೆ. ಸಿಪಿಯು ಡಬ್ಬ ಬೇರೆ ಇಲ್ಲ, ಎಲ್ಲಾ ಪರದೆ ಹಿಂದೆನೇ. 21.5 ಇಂಚು, ಕೋರ್ ಐ5, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಬಲಗಡೆ ಅಂಚಲ್ಲಿ ಡಿವಿಡಿ ತೂರಿಸೋ ಸೀಳು ಇದೆ. ಯಾವ ಇಸವೀದು ಅಂತ ಅವರಿಗೂ ಗೊತ್ತಿಲ್ಲ. ನಮ್ಮ ಕೆಲಸ ಆಲ್ಬಮ್ ಡಿಸೈನು, ನುಡಿಯಲ್ಲಿ ಲಗ್ನಪತ್ರಿಕೆ ಟೈಪಿಂಗು, ಸ್ವಲ್ಪ ಮದುವೆ ವಿಡಿಯೊ. ಇದಕ್ಕೆ ಏನೇನು ಹಾಕಿಸ್ಬೋದು? ಏನೂ ಆಗಲ್ಲ ಅಂದ್ರೆ ಬರೀ ಮಾನಿಟರ್ ಆಗಾದ್ರೂ ಇಟ್ಕೋಬೋದಾ? ನಿಜ ಹೇಳ್ಬೇಕಂದ್ರೆ ಪರದೆ ನೋಡಿನೇ ಮನಸೋತಿದೀನಿ.

ಉತ್ತರ – ಹಾರ್ಡ್‌ವೇರ್ ಸರ್ವಿಸ್, ತುಮಕೂರು

ಎತ್ತು ಕೊಳ್ಳೋವಾಗ ಹಲ್ಲು ನೋಡ್ತೀವಿ, ಐಮ್ಯಾಕ್‌ಗೆ ಪಾದ ನೋಡ್ಬೇಕು. ಮೆತ್ತನೆ ಬಟ್ಟೆ ಹಾಸಿ ಪರದೆ ಕೆಳಗೆ ಬರೋ ಹಾಗೆ ಮಲಗಿಸಿ. ಅಲ್ಯೂಮಿನಿಯಂ ಸ್ಟ್ಯಾಂಡಿನ ಅಡಿಯಲ್ಲಿ ಸಾಸಿವೆಯಷ್ಟು ಸಣ್ಣ ಬೂದು ಅಕ್ಷರ ಇರುತ್ತೆ. ಕಣ್ಣಿಗೆ ಕಾಣಲ್ಲ, ಮೊಬೈಲಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ಡಿವಿಡಿ ಸೀಳು ಇದೆ ಅಂದಮೇಲೆ ಎ1311 ಅಂತ ಇರಬೇಕು, ಅದು 2009ರಿಂದ 2011ರವರೆಗಿನ 21.5 ಇಂಚಿನ ಮಾಡೆಲ್. ಅದೇ ಸಾಲಲ್ಲಿ ಇಎಂಸಿ ಅಂತ ಇನ್ನೊಂದು ನಂಬರ್ ಹುಡುಕಿ. 2308 ಅಂದ್ರೆ 2009ರ ಕೊನೇದು, 2389 ಅಂದ್ರೆ 2010, 2428 ಅಂದ್ರೆ 2011. ಆ ನಂಬರ್ ಹಾಕಿ, ಮುಂದಿನ ಮಾತು ಆಮೇಲೆ. ಅಲ್ಲೀವರೆಗೂ ದುಡ್ಡು ಜೇಬಲ್ಲೇ ಇರಲಿ.

ಶಿಡ್ಲಘಟ್ಟದ ಸ್ಟುಡಿಯೊದವರು

ಫೋಟೊ ತರಿಸಿದೆ ಅಣ್ಣ. ಎ1311, ಇಎಂಸಿ 2428.

ಉತ್ತರ – ತುಮಕೂರು

ಸರಿ, 2011ರ ಮಧ್ಯದ್ದು. ಪರದೆಯನ್ನ ಗೋಂದಲ್ಲಿ ಅಂಟಿಸೋಕೆ ಶುರು ಮಾಡೋ ಮುಂಚಿನ ಕೊನೇ ಐಮ್ಯಾಕ್. ನನ್ನಂಥ ರಿಪೇರಿಯವನಿಗೆ ಇದು ಸಮಾಧಾನದ ವಿಷಯ, ಕೊಳ್ಳೋ ನಿಮಗೆ ಅಷ್ಟೇನಲ್ಲ. ಯಾಕೆ ಅಂತ ಹೇಳ್ತೀನಿ.

ರ‍್ಯಾಮ್ ವಿಷಯದಲ್ಲಿ ನೀವು ಅದೃಷ್ಟವಂತರು. ಪರದೆಯ ಕೆಳ ಅಂಚಲ್ಲಿ ಒಂದು ಉದ್ದನೆ ಪಟ್ಟಿ, ಅದಕ್ಕೆ ಮೂರೇ ಸ್ಕ್ರೂ. ಬಿಚ್ಚಿದ್ರೆ ಒಳಗೆ ನಾಲ್ಕು ಸ್ಲಾಟು, ಕಪ್ಪು ಪ್ಲಾಸ್ಟಿಕ್ ನಾಲಿಗೆ ಹಿಡಿದು ಎಳೆದ್ರೆ ರ‍್ಯಾಮ್ ಈಚೆಗೆ ಬರುತ್ತೆ. ಹಾಕೋದು ಲ್ಯಾಪ್‌ಟಾಪಿನ ಡಿಡಿಆರ್3, 1333 ಮೆಗಾಹರ್ಟ್ಸ್. ಕಂಪನಿ ಹೇಳೋ ಮಿತಿ 16 ಜಿಬಿ. ಸತ್ತ ಲ್ಯಾಪ್‌ಟಾಪುಗಳಿಂದ ಬಿಚ್ಚಿದ ಡಿಡಿಆರ್3 ಯಾವ ಸರ್ವಿಸ್ ಅಂಗಡಿಯಲ್ಲೂ ಒಂದು ಡಬ್ಬ ತುಂಬ ಇರುತ್ತೆ, ಹೊಸದಕ್ಕೆ ದುಡ್ಡು ಸುರೀಬೇಡಿ.

ನಿಧಾನಕ್ಕೆ ಅಸಲಿ ಕಾರಣ ಆ ತಿರುಗೋ ಹಾರ್ಡ್ ಡಿಸ್ಕು. ಅದನ್ನ ತೆಗೆದು, ತಿರುಗೋ ಭಾಗ ಇಲ್ಲದ ಎಸ್‌ಎಸ್‌ಡಿ ಹಾಕಿದ್ರೆ ಯಂತ್ರಕ್ಕೆ ಜೀವ ಬರುತ್ತೆ. ಆದ್ರೆ ಡಿಸ್ಕಿಗೆ ದಾರಿ ಇರೋದು ಮುಂದಿನಿಂದ, ಪರದೆ ಎತ್ತಿನೇ ಒಳಗೆ ಕೈ ಹಾಕ್ಬೇಕು. ಈ ಮಾಡೆಲಲ್ಲಿ ಮುಂದಿನ ಗಾಜು ಬರೀ ಅಯಸ್ಕಾಂತದ ಮೇಲೆ ಕೂತಿದೆ. ಎರಡು ಸಕ್ಷನ್ ಕಪ್ ಅಂಟಿಸಿ ಎಳೆದ್ರೆ ಹಪ್ಪಳದ ಹಾಗೆ ಎದ್ದು ಬರುತ್ತೆ. ಅದರ ಕೆಳಗೆ ಎಲ್‌ಸಿಡಿ, ಸುತ್ತ ಎಂಟು ಟಿ10 ನಕ್ಷತ್ರ ಸ್ಕ್ರೂ. ಸ್ಕ್ರೂ ಬಿಚ್ಚಿದ್ ತಕ್ಷಣ ಎಲ್‌ಸಿಡಿನ ಸರ್ರಂತ ಎತ್ತಿಬಿಟ್ರೆ ಕೆಲಸ ಕೆಟ್ಟಿತು. ಹಿಂದೆ ನಾಲ್ಕು ಕೇಬಲ್ ಕಚ್ಕೊಂಡಿರುತ್ತೆ, ಅದರಲ್ಲಿ ಚಿತ್ರ ತರೋ ಕನೆಕ್ಟರ್ ಬಹಳ ಸೂಕ್ಷ್ಮ. ಮೇಲ್ಭಾಗ ನಾಲ್ಕು ಬೆರಳು ಮುಂದಕ್ಕೆ ಬಗ್ಗಿಸಿ, ಒಬ್ಬರು ಹಿಡ್ಕೊಂಡು ಇನ್ನೊಬ್ಬರು ಒಂದೊಂದೇ ಬಿಚ್ಚಬೇಕು. ಒಬ್ಬರೇ ಮಾಡೋ ಕೆಲಸ ಅಲ್ಲ. ಇನ್ನೊಂದು, ಪವರ್ ಸಪ್ಲೈ ಲ್ಯಾಪ್‌ಟಾಪಿನ ಥರ ಹೊರಗಿಲ್ಲ, 230 ವೋಲ್ಟ್ ನೇರ ಒಳಗೇ ಹೋಗುತ್ತೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಲ್ಲಿ ಕರೆಂಟ್ ನಿಂತಿರುತ್ತೆ, ಎಡಗಡೆ ಬೋರ್ಡಿನ ಹತ್ರ ಬೆರಳು ಬೇಡವೇ ಬೇಡ.

ನಮ್ಮ ಸೀಮೆ ಧೂಳಿನ ಬಗ್ಗೆ ನಿಮಗೆ ಹೇಳ್ಬೇಕಾ? ಗಾಜಿಗೂ ಎಲ್‌ಸಿಡಿಗೂ ನಡುವೆ ಒಂದೇ ಒಂದು ಕೂದಲು ಉಳಿದ್ರೂ ಬಿಳಿ ಪರದೆ ಮೇಲೆ ಅದು ದಿನಾ ಕಣ್ಣಿಗೆ ಚುಚ್ಚುತ್ತೆ. ನಾವು ಫ್ಯಾನ್ ನಿಲ್ಲಿಸಿ, ನೆಲಕ್ಕೆ ನೀರು ಚಿಮುಕಿಸಿ, ಆಮೇಲೆ ಗಾಜು ಮುಚ್ತೀವಿ. ಒಂದ್ಸಲ ಬಿಚ್ಚಿದ ಗಾಜನ್ನ ಗೋಡೆಗೆ ಒರಗಿಸಿಟ್ಟು ಟೀಗೆ ಹೋದ್ವಿ, ಬರೋಷ್ಟರಲ್ಲಿ ಜಾರಿ ಮೂಲೆ ಒಡೆದಿತ್ತು. ಅವತ್ತಿಂದ ಗಾಜು ಮಂಚದ ಮೇಲೆ ಮಲಗುತ್ತೆ, ನಾವು ಟೀನ ನಮ್ಮ ಅಂಗಡಿಗೇ ತರಿಸ್ಕೋತೀವಿ.

ಇನ್ನು 2011ರದ್ದಕ್ಕೆ ಮಾತ್ರ ಇರೋ ಒಂದು ಗಂಟು. ಕಂಪನಿ ಹಾಕಿದ ಡಿಸ್ಕು ತನ್ನ ಬಿಸಿ ಎಷ್ಟು ಅಂತ ಪವರ್ ಕೇಬಲಲ್ಲೇ ಬೋರ್ಡಿಗೆ ಹೇಳ್ತಿರುತ್ತೆ. ಮಾಮೂಲಿ ಎಸ್‌ಎಸ್‌ಡಿಗೆ ಆ ಭಾಷೆ ಬರಲ್ಲ. ಬೋರ್ಡು ಗಾಬರಿ ಬಿದ್ದು ಡಿಸ್ಕಿನ ಫ್ಯಾನನ್ನ ಪೂರ್ತಿ ವೇಗಕ್ಕೆ ಬಿಡುತ್ತೆ. ರೇಷ್ಮೆ ರೀಲಿಂಗ್ ಘಟಕದೊಳಗೆ ಕೂತು ಆಲ್ಬಮ್ ಮಾಡಿದ ಹಾಗಾಗುತ್ತೆ, ನಿಮ್ಮೂರಲ್ಲಿ ಅದು ಹೇಗಿರುತ್ತೆ ಅಂತ ನಾನು ಹೇಳೋದೇನಿದೆ. ಪರಿಹಾರ ಎರಡಿದೆ: ಸೆನ್ಸರ್ ಇರೋ ಜೋಡಣೆ ಕೇಬಲ್ ಹಾಕೋದು, ಇಲ್ಲಾ ಫ್ಯಾನ್ ವೇಗ ಹಿಡಿಯೋ ತಂತ್ರಾಂಶ ಹಾಕೋದು. ನಾನು ಕೇಬಲ್ ಹಾಕೋ ಪಕ್ಷ. ತಂತ್ರಾಂಶ ಹಾಕಿದ್ರೆ ಸಿಸ್ಟಮ್ ಹೊಸದಾಗಿ ಹಾಕಿದಾಗಲೆಲ್ಲ ಮತ್ತೆ ನೆನಪಿಟ್ಟು ಹಾಕ್ಬೇಕು.

ಇಷ್ಟೆಲ್ಲ ಮಾಡಿಸಿದ್ರೂ ಬದಲಾಗದೇ ಇರೋದು ಕೆಲವಿದೆ. ಹಿಂದಿರೋ ನಾಲ್ಕೂ ಯುಎಸ್‌ಬಿ 2.0. ಐಮ್ಯಾಕ್‌ಗೆ ಯುಎಸ್‌ಬಿ 3 ಬಂದಿದ್ದು 2012ರ ಕೊನೇಲಿ. ನೀವು 32 ಜಿಬಿ ಮದುವೆ ಫೋಟೊ ಪೆನ್‌ಡ್ರೈವಿಂದ ಇಳಿಸೋಕೆ ಕೂತ್ರೆ ಸೆಕೆಂಡಿಗೆ 30 ಎಂಬಿ ಲೆಕ್ಕದಲ್ಲಿ ಹದಿನೆಂಟು ನಿಮಿಷ, ಗಿರಾಕಿ ಎದುರಿಗೆ ಕೂತಿರ್ತಾರೆ. ಮಿಂಚಿನ ಗುರುತಿರೋ ಥಂಡರ್‌ಬೋಲ್ಟ್ ಕಿಂಡಿ ಒಂದಿದೆ, 10 ಗಿಗಾಬಿಟ್ ವೇಗದ್ದು. ಆದ್ರೆ ಅದಕ್ಕೆ ಹೊಂದೋ ಡಿಸ್ಕು ತರಿಸೋಕೆ ಹೋದ್ರೆ ಮೂಗಿಗಿಂತ ಮೂಗುತಿ ಭಾರ. ಕಂಪನಿ ಲೆಕ್ಕದಲ್ಲಿ ಇದರ ಸಿಸ್ಟಮ್ ಮ್ಯಾಕ್‌ಓಎಸ್ ಹೈ ಸಿಯೆರಾಗೇ ನಿಲ್ಲುತ್ತೆ, ಅದು 2017ರದ್ದು. ಬೇರೆಯವರು ಮಾಡಿದ ಪ್ಯಾಚರ್ ಅನ್ನೋ ತಂತ್ರಾಂಶ ಬಳಸಿ ಇನ್ನೂ ಹೊಸದು ಹಾಕೋರಿದಾರೆ. ಆದ್ರೆ ಇದರ ರೇಡಿಯಾನ್ ಎಚ್‌ಡಿ 6750ಎಂ ಗ್ರಾಫಿಕ್ಸಿಗೆ, ಹೊಸ ಸಿಸ್ಟಮ್ ಪರದೆಗೆ ಚಿತ್ರ ತರೋಕೆ ಬಳಸೋ ಮೆಟಲ್ ಅನ್ನೋ ಸೌಲಭ್ಯ ಇಲ್ಲ. ಹೊಸ ಸಿಸ್ಟಮಲ್ಲಿ ಕಿಟಕಿ ಎಳೆದ್ರೂ ತಡವರಿಸುತ್ತೆ, ವಿಡಿಯೊ ಎಡಿಟಿಂಗ್ ಆಸೆ ಬಿಟ್ಟುಬಿಡಿ.

ನುಡಿ ವಿಂಡೋಸಿನದ್ದು. ಮ್ಯಾಕಲ್ಲಿ ಯೂನಿಕೋಡ್ ಕನ್ನಡ ಕೀಬೋರ್ಡ್ ಇದೆ, ಆದ್ರೆ ನಿಮ್ಮ ಹತ್ರ ಇರೋ ಹಳೇ ಲಗ್ನಪತ್ರಿಕೆ ಫೈಲುಗಳು ನುಡಿ ಫಾಂಟಲ್ಲಿ ಇರ್ತವಲ್ಲ, ಅಲ್ಲಿ ತೆರೆದ್ರೆ ಕನ್ನಡದ ಬದಲು ಚಿತ್ರಾನ್ನ ಕಾಣುತ್ತೆ. ಮ್ಯಾಕಲ್ಲಿ ವಿಂಡೋಸ್ ಹಾಕೋಕೆ ಇರೋ ಬೂಟ್ ಕ್ಯಾಂಪಲ್ಲಿ ವಿಂಡೋಸ್ 7 ಹಾಕ್ಬೋದು, ಪತ್ರಿಕೆ ಕೆಲಸ ನಡೆಯುತ್ತೆ. ಆದ್ರೆ ಅದನ್ನ ಇಂಟರ್‌ನೆಟ್ಟಿಗೆ ಹಚ್ಚಬೇಡಿ.

ಮಾನಿಟರ್ ವಿಷಯ. ಪರದೆಗೆ ಮನಸೋತಿದ್ದು ತಪ್ಪಲ್ಲ, ಅದು ಐಪಿಎಸ್ ಪ್ಯಾನೆಲ್, 1920×1080. ಪಕ್ಕದಿಂದ ನೋಡಿದ್ರೂ ಸೀರೆ ಬಣ್ಣ ಬದಲಾಗಲ್ಲ. ಆದ್ರೆ ಅದಕ್ಕೆ ಎಚ್‌ಡಿಎಂಐ ಒಳಹರಿವೇ ಇಲ್ಲ. ಟಾರ್ಗೆಟ್ ಡಿಸ್‌ಪ್ಲೇ ಅಂತ ಒಂದು ಸೌಲಭ್ಯ ಇದೆ: ಕೇಬಲ್ ಜೋಡಿಸಿ ಕಮಾಂಡ್ ಜೊತೆ ಎಫ್2 ಒತ್ತಿದ್ರೆ ಐಮ್ಯಾಕ್ ಮಾನಿಟರ್ ಆಗುತ್ತೆ. 2011ರದ್ದರಲ್ಲಿ ಅದು ಥಂಡರ್‌ಬೋಲ್ಟ್ ಇರೋ ಇನ್ನೊಂದು ಮ್ಯಾಕಿಗೆ ಮಾತ್ರ ಒಲಿಯುತ್ತೆ, ನಿಮ್ಮ ವಿಂಡೋಸ್ ಪಿಸಿಯ ಎಚ್‌ಡಿಎಂಐಗೆ ಪರಿವರ್ತಕ ಹಾಕಿ ಏನು ಸರ್ಕಸ್ ಮಾಡಿದ್ರೂ ಬರಲ್ಲ. ಅಂಗಡಿಯವರು ‘ಹತ್ತಿಸ್ಬೋದು ಸಾರ್’ ಅಂದ್ರೆ ನಿಮ್ಮೆದುರೇ ಹತ್ತಿಸಿ ತೋರಿಸಲಿ.

ಆದ್ರಿಂದ ನನ್ನ ಮಾತು: ಹದಿನಾಲ್ಕಕ್ಕೆ ಬೇಡ. ಅದರ ಅರ್ಧಕ್ಕೂ ಕಡಿಮೆಗೆ ಬಂದ್ರೆ ಯೋಚಿಸಿ.

ಪ್ರಶ್ನೆ – ಕೋಲಾರದಿಂದ

ಸಾರ್, ಇಲ್ಲೇ ಒಂದು ಮಾತು. ನನ್ನ ಹತ್ರ 27 ಇಂಚಿನ ತೆಳ್ಳನೆ ಐಮ್ಯಾಕ್ ಇದೆ, ಅಡಿಯಲ್ಲಿ ಎ1419 ಅಂತಿದೆ, ಡಿವಿಡಿ ಸೀಳಿಲ್ಲ. ಕೆಳ ಅಂಚಲ್ಲಿ ರ‍್ಯಾಮ್ ಬಾಗಿಲೂ ಇಲ್ಲ. ಪರದೆ ಬಿಚ್ಚಲೇಬೇಕಾ?

ಉತ್ತರ – ತುಮಕೂರು

ಬೇಡ ಬೇಡ, ಬಿಚ್ಚಬೇಡಿ. ಹಿಂದೆ ಪವರ್ ಕೇಬಲ್ ಕಿತ್ತು ನೋಡಿ, ಆ ತೂತಿನ ಒಳಗೆ ಒಂದು ಸಣ್ಣ ಗುಂಡಿ ಇದೆ. ಪೆನ್ನಿನ ತುದಿಯಲ್ಲಿ ಒತ್ತಿದ್ರೆ ಮೇಲಿನ ಬಾಗಿಲು ಪಟ್ ಅಂತ ತೆರ್ಕೊಳ್ಳುತ್ತೆ, ನಾಲ್ಕು ಸ್ಲಾಟು. ಆ ಸೌಭಾಗ್ಯ 27 ಇಂಚಿನೋರಿಗೆ ಮಾತ್ರ. ಅದೇ ಕಾಲದ 21.5 ಇಂಚಿನದ್ದಕ್ಕೆ, ಅಂದ್ರೆ ಎ1418ಗೆ, ಈ ಬಾಗಿಲಿಲ್ಲ. 2012ರಿಂದ ಅಯಸ್ಕಾಂತ ಹೋಗಿ ಪರದೆ ಸುತ್ತ ಅಂಟುಪಟ್ಟಿ ಬಂತು. ಗಾಜು, ಪ್ಯಾನೆಲ್ ಎರಡೂ ಒಂದೇ ತುಂಡು. ಅಂಟು ಕೊಯ್ದು ತೆಗೀಬೇಕು, ಮುಚ್ಚೋವಾಗ ಹೊಸ ಪಟ್ಟಿ ಹಾಕ್ಬೇಕು, ಕೈ ತಪ್ಪಿದ್ರೆ ಎರಡಕ್ಕೂ ಸೇರಿ ದಂಡ. ತೆಳ್ಳಗಾದ ಲಾಭ ನೋಡೋರಿಗೆ, ಖರ್ಚು ರಿಪೇರಿ ಮಾಡಿಸೋರಿಗೆ.

ಪ್ರಶ್ನೆ – ತಿಪಟೂರಿನಿಂದ, ಶಿಕ್ಷಕಿ

ನಮಸ್ತೆ. ನಮ್ಮನೇಲಿರೋದು ಐಮ್ಯಾಕ್ ಅಲ್ಲ, ವಿಂಡೋಸ್ ಆಲ್ ಇನ್ ಒನ್. ಲ್ಯಾಪ್‌ಟಾಪಿನಂಥ ಚಾರ್ಜರ್ ಹೊರಗಿದೆ, ಹಿಂದೆ ಎಚ್‌ಡಿಎಂಐ ಕಿಂಡಿನೂ ಇದೆ. ಆರನೇ ಪೀಳಿಗೆಯ ಐ3. ಸೆಟ್‌ಟಾಪ್ ಬಾಕ್ಸ್ ಹಾಕಿದ್ರೆ ಏನೂ ಬರ್ತಿಲ್ಲ. ಕಿಂಡಿ ಕೆಟ್ಟಿದೆಯಾ?

ಉತ್ತರ – ತುಮಕೂರು

ಕೆಟ್ಟಿಲ್ಲ ಮೇಡಮ್. ಕಿಂಡಿ ಪಕ್ಕದಲ್ಲಿ ಟಾರ್ಚ್ ಬಿಟ್ಟು ಓದಿ, ‘ಔಟ್’ ಅಂತಿದ್ರೆ ಅದು ಚಿತ್ರ ಹೊರಗೆ ಕಳಿಸೋದು, ಪ್ರೊಜೆಕ್ಟರಿಗೋ ಟಿವಿಗೋ. ‘ಇನ್’ ಅಂತ ಇದ್ರೆ ಮಾತ್ರ ಸೆಟ್‌ಟಾಪ್ ಬಾಕ್ಸ್ ಹತ್ತುತ್ತೆ. ಬಾಗಿಲು ಒಂದೇ ಥರ ಕಂಡ್ರೂ ಒಂದು ಒಳಗೆ ಬರೋಕೆ, ಒಂದು ಆಚೆ ಹೋಗೋಕೆ.

ನಿಮ್ಮದಕ್ಕೆ ಎಸ್‌ಎಸ್‌ಡಿ ಹಾಕೋದು ಐಮ್ಯಾಕಿನಷ್ಟು ಕಷ್ಟ ಆಗಲಿಕ್ಕಿಲ್ಲ. ಇಂಥವು ಎಷ್ಟೋ ಹಿಂದಿನ ಮುಚ್ಚಳದಿಂದಲೇ ತೆರೀತವೆ, ಫ್ಯಾನ್ ಗಲಾಟೆನೂ ಇಲ್ಲ. ಆದ್ರೆ ಆರನೇ ಪೀಳಿಗೆ ಅಂದ್ರೆ ವಿಂಡೋಸ್ 11 ಪಟ್ಟಿಯಲ್ಲಿಲ್ಲ, ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ ಎಂಟನೇ ಪೀಳಿಗೆಯಿಂದ ಶುರು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಮಕ್ಕಳ ಪಾಠಕ್ಕೆ, ಯೂಟ್ಯೂಬಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಸಿಸ್ಟಮ್ ಹಾಕ್ಸಿ, ಕನ್ನಡ ಟೈಪಿಂಗೂ ಆಗುತ್ತೆ. ಬ್ಯಾಂಕ್ ವ್ಯವಹಾರವನ್ನಂತೂ ಹಳೇ ವಿಂಡೋಸಲ್ಲಿ ಮಾಡಬೇಡಿ.

ಶಿಡ್ಲಘಟ್ಟದ ಸ್ಟುಡಿಯೊದವರು

ಅಣ್ಣ, ನಿಮ್ಮ ಮಾತು ಓದಿ ಐದೂವರೆ ಸಾವಿರಕ್ಕೆ ಕೇಳ್ದೆ. ಒಂದು ನಿಮಿಷ ಸುಮ್ನಿದ್ದು ‘ಆರು ಕೊಡು’ ಅಂದ್ರು. ಭಾನುವಾರ ನೋಡೋಕೆ ಹೋಗ್ತಿದೀನಿ. ಆಲ್ಬಮ್ ತೋರಿಸೋಕೆ ಕೌಂಟರ್ ಮೇಲೆ ಇಟ್ಕೊಳ್ಳೋ ಯೋಚನೆ, ಟೈಪಿಂಗಿಗೆ ಹಳೇ ಪಿಸಿನೇ ಇರಲಿ. ಅಲ್ಲಿ ಏನೇನು ನೋಡ್ಲಿ?

ಉತ್ತರ – ತುಮಕೂರು

ಕೌಂಟರ್ ಯೋಚನೆ ಚೆನ್ನಾಗಿದೆ. ಗಾಜು ಕನ್ನಡಿ ಥರ ಹೊಳೆಯುತ್ತೆ, ಬಾಗಿಲಿಗೆ ಎದುರಾಗಿ ಇಡಬೇಡಿ. ಇಟ್ರೆ ಗಿರಾಕಿಗೆ ವಧುವಿನ ಬದಲು ರಸ್ತೆ ಆಟೋ ಕಾಣುತ್ತೆ.

ಹೋದಾಗ ಮೊದಲು ಬಿಳಿ ಪುಟ ಪೂರ್ತಿ ಪರದೆಗೆ ತುಂಬಿಸಿ ಕಲೆ ಇದೆಯಾ ನೋಡಿ, ಆಮೇಲೆ ಕಪ್ಪು. ಒಂದು ಎಸ್‌ಡಿ ಕಾರ್ಡ್ ತಗೊಂಡು ಹೋಗಿ, ಡಿವಿಡಿ ಸೀಳಿನ ಕೆಳಗೇ ಅದರ ಕಿಂಡಿ. ಎರಡೂ ಒಂದರ ಕೆಳಗೊಂದು ಇರೋದ್ರಿಂದ ಅವಸರದಲ್ಲಿ ಕಾರ್ಡನ್ನ ಡಿವಿಡಿ ಸೀಳಿಗೆ ತೂರಿಸೋರು ಬಹಳ ಜನ, ತೂರಿಸಿದ್ರೆ ಪರದೆ ಬಿಚ್ಚಿನೇ ತೆಗೀಬೇಕು. ಕೊನೆಗೆ ಒಂದು ವಿಡಿಯೊ ಹಾಕಿ ಅರ್ಧ ಗಂಟೆ ಓಡಲು ಬಿಡಿ. ಹಿಂದೆ ಮೇಲ್ಗಡೆ ಗಾಳಿಕಿಂಡಿ ಹತ್ರ ಕೈ ಇಡಿ, ಬಿಸಿ ಗಾಳಿ ಬರಬೇಕು, ಅದು ಸರಿ. ಬಿಸಿ ಇದ್ದು ಗಾಳಿ ಇಲ್ಲ ಅಂದ್ರೆ, ಅಥವಾ ಪರದೆ ಮೇಲೆ ಅಡ್ಡ ಉದ್ದ ಗೆರೆ ಬಂದ್ರೆ, ಆರು ಸಾವಿರನೂ ಕೊಡ್ಬೇಡಿ.

ತರೋವಾಗ ಬಸ್ಸಿನ ಮೇಲೆ ಹಾಕ್ಬೇಡಿ. ಕಾರಿನ ಹಿಂದಿನ ಸೀಟಲ್ಲಿ ನಿಲ್ಲಿಸಿ, ಬೆಲ್ಟ್ ಹಾಕಿ.